ಕಪಾಟಿನ ಬಾಗಿಲಿನ ಗಿಟಾರು

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಕಪಾಟಿತ್ತು, ಅದಕ್ಕೆ ಬಾಗಿಲಿರಲಿಲ್ಲ. ಅವ್ವ ತನ್ನ ಹಳೆಯ ಸೀರೆಯ ತುಂಡೊಂದನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದಳು. ಗಾಳಿಗೆ ಅದು ಸರಿದಾಗಲೆಲ್ಲ ಒಳಗಿನ ಉಪ್ಪಿನಕಾಯಿ ಭರಣಿ, ಅಪ್ಪನ ಹರಿದ ಬನಿಯನ್ನು, ನನ್ನ ಜಡೆಯ ರಿಬ್ಬನ್ನು ಎಲ್ಲವೂ ಬಂದವರ ಕಣ್ಣಿಗೆ ಬೀಳುತ್ತಿದ್ದವು. ಕಪಾಟಿನ ಬಾಗಿಲು ಎಲ್ಲಿ ಹೋದವು ಎಂದು ಮನೆಗೆ ಬಂದ ಬೀಗರು, ನೆಂಟರು ಕೇಳುತ್ತಿದ್ದರು. ಅವ್ವ ಅಪ್ಪನ ಮುಖ ನೋಡುತ್ತಿದ್ದಳು, ಅಪ್ಪ ನನ್ನ ಮುಖ ನೋಡುತ್ತಿದ್ದ, ನಾನು ನೆಲ ನೋಡುತ್ತಿದ್ದೆ. ನೆಲ ನೋಡುವುದು ನನಗೆ ಚಿಕ್ಕಂದಿನಿಂದಲೂ ಚೆನ್ನಾಗಿ ರೂಢಿಯಾಗಿತ್ತು.

ಆ ಬಾಗಿಲುಗಳಿಂದ ನಾನೂ ಅಪ್ಪನೂ ಕರೆಂಟಿನ ಗಿಟಾರು ಮಾಡಿದೆವು. ಎಂಬತ್ತರ ದಶಕದ ಮೊದಲ ವರ್ಷಗಳು. ಕುಂದಗೋಳದಿಂದ ಯರಗುಪ್ಪಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದಿದ್ದ ನಮ್ಮೂರಿಗೆ ಬಸ್ಸು ಬರುತ್ತಿತ್ತು, ಟಿ.ವಿ. ಇನ್ನೂ ಬಂದಿರಲಿಲ್ಲ. ಗಿಟಾರು ಎಂಬ ಶಬ್ದವನ್ನು ನಮ್ಮ ಓಣಿಯಲ್ಲಿ ನನಗಿಂತ ಮೊದಲು ಯಾರೂ ಬಾಯಿಬಿಟ್ಟು ಆಡಿರಲಿಕ್ಕಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಗಂಟಲಿನಿಂದ. ಐದು ವರ್ಷದವಳಿದ್ದಾಗ ನನಗೆ ಗಂಟಲಮಾರಿ ಬಂದಿತ್ತಂತೆ. ಜೀವ ಉಳಿಯಿತು, ದನಿ ಹೋಯಿತು. ಪೂರ್ತಿ ಹೋಗಿದ್ದರೆ ಮೂಕಿ ಎಂದು ಜನ ಕನಿಕರವನ್ನಾದರೂ ಪಡುತ್ತಿದ್ದರು. ಅರ್ಧ ಉಳಿದಿತ್ತು. ಬಾಯಿ ತೆರೆದರೆ ಒಣಗಿದ ಜೋಳದ ದಂಟನ್ನು ನೆಲದ ಮೇಲೆ ಎಳೆದ ಹಾಗೆ ಸದ್ದು ಬರುತ್ತಿತ್ತು. ಬೇರೆ ಸೀಮೆಯಲ್ಲಾಗಿದ್ದರೆ ಇದು ದೊಡ್ಡ ಸಂಗತಿಯಾಗುತ್ತಿರಲಿಲ್ಲವೇನೋ. ನಮ್ಮ ಕಡೆ ಹಾಗಲ್ಲ. ಎತ್ತಿನ ಕೊರಳಿಗೆ ಹಗ್ಗ ಕಟ್ಟುವವನೂ ಗುನುಗುತ್ತ ಕಟ್ಟುತ್ತಾನೆ, ಚಹಾದಂಗಡಿಯಲ್ಲಿ ಕೂತವನು ರೇಡಿಯೋದ ಹಾಡಿಗೆ ಇಲ್ಲಿ ಸ್ವರ ಇಳಿಯಿತು ಎಂದು ಮೂಗು ಮುರಿಯುತ್ತಾನೆ. ಇಂಥ ಊರಿನಲ್ಲಿ ಕುಂಟುವವಳಿಗಿಂತ ಕರ್ಕಶ ದನಿಯವಳೇ ಹೆಚ್ಚು ಎದ್ದು ಕಾಣುತ್ತಾಳೆ.

ಶಾಲೆಯ ಪ್ರಾರ್ಥನೆಯಲ್ಲಿ ನನ್ನನ್ನು ಮೊದಲ ಸಾಲಿಗೆ ನಿಲ್ಲಿಸಿದ್ದರು, ಗಿಡ್ಡ ಇದ್ದೆನೆಂದು. ಒಂದು ದಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹಿಂದಿನ ಸಂಜೆ ಮಾಸ್ತರರು ನನ್ನನ್ನು ಬದಿಗೆ ಕರೆದು, ಬಹಳ ಮೆತ್ತಗೆ, ನಾಳೆ ತುಟಿ ಅಷ್ಟೇ ಅಲ್ಲಾಡಿಸು, ದನಿ ತೆಗೆಯಬೇಡ ಎಂದರು. ಸಾಹೇಬರು ಬಂದು ಹೋದರು. ಮಾಸ್ತರರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಏಳನೆಯ ಇಯತ್ತೆ ಮುಗಿಯುವವರೆಗೆ ನಾನು ತುಟಿಯಲ್ಲೇ ಹಾಡಿದೆ. ಎದುರು ನಿಂತು ನೋಡಿದವರಿಗೆ ನನ್ನಷ್ಟು ಮನಸಿಟ್ಟು ಹಾಡುವವರು ಯಾರೂ ಇಲ್ಲ ಅನಿಸಿರಬೇಕು.

ಅಪ್ಪನಿಗೆ ಊರ ನಡುವೆ ಹಿಟ್ಟಿನ ಗಿರಣಿಯಿತ್ತು. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿದ್ದ ಮನುಷ್ಯ. ಸೋಮವಾರ ಸಂಜೆ ಮಾತ್ರ ಮಿಂದು, ವಿಭೂತಿ ಹಚ್ಚಿಕೊಂಡು ಮಠದ ಭಜನೆಗೆ ಹೋಗುತ್ತಿದ್ದ. ಒಳ್ಳೆಯ ಕಿವಿ, ಸಾಧಾರಣ ಕಂಠ. ಮೇಳದ ಉಳಿದವರು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು ಮೈಕಿನ ಮುಂದೆ ಕೂಡಿಸುತ್ತಿದ್ದರು. ಅಪ್ಪ ಒಬ್ಬನೇ ಹೋಗುತ್ತಿದ್ದ. ಇದನ್ನು ಅವನು ಎಂದೂ ಆಡಿ ತೋರಿಸಿದವನಲ್ಲ. ಆದರೆ ಮನೆಯಲ್ಲಿ ಗುನುಗುತ್ತ ಕೂತಿದ್ದಾಗ ನಾನು ಒಳಗೆ ಬಂದರೆ ಥಟ್ಟನೆ ನಿಲ್ಲಿಸಿಬಿಡುತ್ತಿದ್ದ, ಉಪವಾಸ ಇದ್ದವರ ಎದುರು ಉಣ್ಣಬಾರದು ಅನ್ನುವ ಹಾಗೆ. ಅವನಿಗೆ ಅದು ಮರ್ಯಾದೆಯಾಗಿ ಕಂಡಿತ್ತು. ನನಗೆ ಅವಮಾನವಾಗುತ್ತಿತ್ತು. ಅಪ್ಪನ ಹಾಡು ನಿಂತ ಸಪ್ಪಳವೇ ನನಗೆ ನನ್ನ ಗಂಟಲನ್ನು ನೆನಪಿಸುತ್ತಿತ್ತು.

ಒಮ್ಮೆ ಅವನು ಹುಬ್ಬಳ್ಳಿಯಲ್ಲಿ ಯಾರದೋ ಮದುವೆಗೆ ಹೋಗಿ ಬಂದ. ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಒಬ್ಬ ತೊಡೆಯ ಮೇಲೆ ಹಲಗೆಯಂಥದ್ದನ್ನು ಅಡ್ಡ ಇಟ್ಟುಕೊಂಡು, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತ ಬಾರಿಸಿದನಂತೆ. ಸ್ವರದಿಂದ ಸ್ವರಕ್ಕೆ ಜಾರುವುದು ಮನುಷ್ಯರ ಗಂಟಲು ಜಾರಿದ ಹಾಗೇ ಇತ್ತಂತೆ. ಬಾಯಿ ತೆರೆಯದೆ ಹಾಡಿದ ಎಂದು ಅಪ್ಪ ಗಿರಣಿಗೆ ಬಂದವರಿಗೆಲ್ಲ ವಾರಗಟ್ಟಲೆ ಹೇಳಿದ. ನನಗೆ ಮಾತ್ರ ಹೇಳಲಿಲ್ಲ. ಮುಂಬಯಿಯಲ್ಲಿ ರೇಲ್ವೆ ಕೆಲಸದಲ್ಲಿದ್ದ ನನ್ನ ಸೋದರಮಾವ ದೀಪಾವಳಿಗೆ ಬಂದಾಗ ಅವನ ಕೈಯಲ್ಲಿ ರಟ್ಟಿನ ಡಬ್ಬಿಯೊಂದಿತ್ತು. ಅಪ್ಪ ಅವನಿಗೆ ಹೇಳಿ ತರಿಸಿದ್ದಾನೆಂದು ನನಗೆ ಆಗ ತಿಳಿಯಿತು. ತಯಾರಾದ ಗಿಟಾರು ನಮಗೆ ಎಟುಕುವ ಮಾತಲ್ಲ, ಬಿಡಿಭಾಗ ಸಿಗುತ್ತವೆ, ಕಟ್ಟಿಗೆ ನೀವೇ ಹೊಂದಿಸಿಕೊಳ್ಳಬೇಕು ಎಂದು ಮಾವ ಹೇಳಿದ.

ಡಬ್ಬಿಯಲ್ಲಿ ತಂತಿಯ ಸುರುಳಿಗಳು, ತಂತಿ ಬಿಗಿಯುವ ಕಿವಿಗಳು, ಒಂದು ಉಕ್ಕಿನ ಸಲಾಕೆ, ಗೇಣುದ್ದದ ಒಂದು ದಪ್ಪ ಕರಿ ವೈರು, ಮಡಚಿಟ್ಟ ಒಂದು ನಕ್ಷೆ ಇದ್ದವು. ಎಲ್ಲಕ್ಕಿಂತ ಕೆಳಗೆ ಬೆಂಕಿಪೆಟ್ಟಿಗೆಗಿಂತ ತುಸು ಉದ್ದನೆಯ ಕಪ್ಪು ಗಟ್ಟಿ. ಅದರೊಳಗೆ ಆಯಸ್ಕಾಂತವೂ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುತ್ತುಗಳೂ ಇವೆ, ತಂತಿ ಮಿಡಿದದ್ದನ್ನು ಕರೆಂಟು ಮಾಡುವುದು ಅದೇ ಎಂದು ಮಾವ ತಿಳಿಸಿದ. ಅವ್ವ ಎರಡು ದಿನದಿಂದ ಹುಡುಕುತ್ತಿದ್ದ ಸೂಜಿ ಮರುದಿನ ಅದಕ್ಕೆ ಅಂಟಿಕೊಂಡಿದ್ದು ಸಿಕ್ಕಿತು. ಅವ್ವನ ಮಟ್ಟಿಗೆ ಆ ಇಡೀ ಡಬ್ಬಿಯಿಂದ ಆದ ಉಪಕಾರ ಅದೊಂದೇ.

ಗಂಟಿಲ್ಲದ, ಒಣಗಿದ, ಭಾರವಾದ ಹಲಗೆ ಬೇಕು ಎಂದು ನಕ್ಷೆ ಹೇಳುತ್ತಿತ್ತು. ಅಪ್ಪ ಹೊಲದ ಜಾಲಿ ನೋಡಿದ, ಹಿತ್ತಲ ಬೇವು ನೋಡಿದ, ಕಡೆಗೆ ಪಡಸಾಲೆಯಲ್ಲಿ ನಿಂತು ಕಪಾಟು ನೋಡಿದ. ಅಜ್ಜನ ಕಾಲದ ಸಾಗವಾನಿ ಬಾಗಿಲು. ಅವ್ವ ನೀರಿಗೆ ಹೋದ ಹೊತ್ತು ನೋಡಿ ಒಂದನ್ನು ಬಿಚ್ಚಿದ.

ನಕ್ಷೆಯನ್ನು ಹಲಗೆಯ ಮೇಲೆ ಇಳಿಸಬೇಕಿತ್ತು. ಕಾಗದಕ್ಕೆ ಶೇಂಗಾ ಎಣ್ಣೆ ಸವರಿದರೆ ಗೆರೆ ಆಚೆಗೂ ಕಾಣುತ್ತವೆ ಎಂದು ಅಪ್ಪನಿಗೆ ಹೊಳೆಯಿತು. ಸವರಿದೆವು. ಎರಡೂ ಕಡೆ ಒಂದೇ ಥರ ಕಾಣತೊಡಗಿದ ಆ ಕಾಗದವನ್ನು ನಾವು ಬೋರಲು ಇಟ್ಟು ಗೆರೆ ಎಳೆದದ್ದು ಗೊತ್ತಾದದ್ದು ಗರಗಸ, ಉಳಿ, ತೂತು ಕೊರೆಯುವುದು ಎಲ್ಲ ಮುಗಿದ ಮೇಲೆ. ಬಲಗಡೆ ಬರಬೇಕಾದದ್ದೆಲ್ಲ ಎಡಗಡೆಗೆ ಬಂದಿತ್ತು. ಕನ್ನಡಿಯಲ್ಲಿ ನೋಡಿದರೆ ಮಾತ್ರ ಅದು ನಮ್ಮ ಗಿಟಾರು. ನನಗೆ ನಗು ಬಂತು, ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅವನು ಎದ್ದು ಪಡಸಾಲೆಗೆ ನಡೆದ. ಎರಡನೆಯ ಬಾಗಿಲಿನ ಕೀಲು ಕಿರ್ರೆಂದದ್ದು ಅಡುಗೆಮನೆಗೆ ಕೇಳಿಸಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಬಡಿತ ನಿಂತದ್ದರಲ್ಲೇ ನಮ್ಮಿಬ್ಬರ ಮಾನ ಸಾಕಷ್ಟು ಹೋಯಿತು. ಅವತ್ತು ಸಂಜೆಯೇ ಸೀರೆಯ ಪರದೆ ಬಂತು.

ಎರಡನೆಯದನ್ನು ನಾವು ಜೀವ ಕೈಯಲ್ಲಿ ಹಿಡಿದುಕೊಂಡು ಮಾಡಿದೆವು. ಗೆರೆ ಎಳೆಯುವ ಮುನ್ನ ಅಪ್ಪ ನನ್ನನ್ನು ಕೇಳುತ್ತಿದ್ದ, ನಾನು ಹೂಂ ಅಂದ ಮೇಲೆಯೇ ಗರಗಸ ಮುಟ್ಟುತ್ತಿದ್ದ. ಪಾಲಿಶ್ ಕಾಗದದಿಂದ ಉಜ್ಜುವುದು ನನ್ನ ಪಾಲು. ಶಾಲೆ ಬಿಟ್ಟ ಮೇಲೆ ಗಿರಣಿಯ ಮೂಲೆಯಲ್ಲಿ ಕೂತು ಉಜ್ಜುತ್ತಿದ್ದೆ. ಹಿಟ್ಟಿನ ಧೂಳು, ಕಟ್ಟಿಗೆಯ ಧೂಳು ಸೇರಿ ನನ್ನ ಜಡೆಗೆ ಮುಪ್ಪು ಬಂದಿರುತ್ತಿತ್ತು. ಬೀಸಲು ಬಂದ ಹೆಂಗಸರು ಏನು ಮಾಡುತ್ತೀ ಎಂದು ಕೇಳಿದರೆ ಹಲಗೆ ಎನ್ನುತ್ತಿದ್ದೆ. ಕಪ್ಪು ಗಟ್ಟಿಯ ಎರಡು ಎಳೆಗಳಿಗೆ ಬೆಸುಗೆ ಹಾಕಲು ಅಪ್ಪ ಹಳೆಯ ಸ್ಕ್ರೂಡ್ರೈವರನ್ನು ಒಲೆಯಲ್ಲಿ ಕಾಯಿಸಿದ, ಬೆರಳು ಸುಟ್ಟುಕೊಂಡ, ಮತ್ತೆ ಕಾಯಿಸಿದ. ಕಡೆಗೆ ಬೆಸುಗೆ ನಿಂತಿತು. ಆ ಮೂಲೆಯಲ್ಲಿ ಅಪ್ಪ ನನ್ನೆದುರು ಮೊದಲ ಸಲ ಗುನುಗಿದ. ತನಗೆ ಗೊತ್ತಿಲ್ಲದೆಯೇ ಗುನುಗಿದ. ನಾನು ತಲೆ ಎತ್ತಲಿಲ್ಲ, ಎತ್ತಿದರೆ ನಿಲ್ಲಿಸಿಬಿಡುತ್ತಾನೆಂದು.

ದನಿ ದೊಡ್ಡದು ಮಾಡುವ ಯಂತ್ರ ನಮ್ಮಲ್ಲಿರಲಿಲ್ಲ. ಗಿರಣಿಯಲ್ಲಿ ಒಂದು ಹಳೆಯ ದೊಡ್ಡ ರೇಡಿಯೋ ಇತ್ತು. ಅದರ ಬೆನ್ನಿಗೆ ಗ್ರಾಮೋಫೋನಿನ ವೈರು ಚುಚ್ಚಲೆಂದು ಎರಡು ತೂತುಗಳಿದ್ದವು. ಡಬ್ಬಿಯೊಳಗಿನ ದಪ್ಪ ವೈರು ಬರೀ ಗೇಣುದ್ದ, ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಅಪ್ಪ ಅದಕ್ಕೆ ಮನೆಗಳಲ್ಲಿ ದೀಪಕ್ಕೆ ಎಳೆಯುವ ಸಾದಾ ವೈರನ್ನು ಹೆಣೆದು ಮಾರುಗಟ್ಟಲೆ ಉದ್ದ ಮಾಡಿದ. ಗಿರಣಿಯ ಪಟ್ಟೆ ನಿಂತ ಮೇಲೆ ರೇಡಿಯೋ ಹಚ್ಚಿ, ನಾನು ತಂತಿ ಮೀಟಿದೆ. ಗಿರಣಿಯ ತಗಡು ಝುಂ ಎಂದಿತು. ಎಷ್ಟು ತುಂಬಿದ, ಎಷ್ಟು ನುಣುಪಾದ ದನಿ. ಅದು ನನ್ನ ಕೈಯಿಂದ ಬಂದದ್ದು. ನಾನು ಅತ್ತೆ. ಅಪ್ಪ ಕಣ್ಣಿಗೆ ಹಿಟ್ಟು ಬಿತ್ತು ಎಂದ.

ತಂತಿ ಸುಮ್ಮನಾದ ಮೇಲೆ ಹಿಂದಿನಿಂದ ಸಣ್ಣಗೆ ಯಾರೋ ವಾರ್ತೆ ಓದುತ್ತಿರುವುದು ಕೇಳಿಸಿತು. ನಾನು ಅಪ್ಪನನ್ನು ಕೇಳಿದೆ.

“ಅದು ರೇಡಿಯೋನ ಐತೆಲ್ಲ ಯವ್ವಾ,” ಎಂದ ಅಪ್ಪ. “ಅದರ ಹೊಟ್ಟ್ಯಾಗ ಮಾತು ಇದ್ದ ಇರ್ತಾವ.”

ಎಷ್ಟು ಸರಿಯಾದ ಮಾತು ಅನ್ನಿಸಿತು. ಆ ವಾರ್ತೆ ರೇಡಿಯೋದ ಹೊಟ್ಟೆಯಿಂದಲ್ಲ, ನಾವು ಹೆಣೆದ ಸಾದಾ ವೈರಿನಿಂದ ಬರುತ್ತಿದೆ, ಡಬ್ಬಿಯ ವೈರು ದಪ್ಪಗಿದ್ದದ್ದು ಗಾಳಿಯಲ್ಲಿ ಹರಿಯುವ ರೇಡಿಯೋದ ಮಾತು ಒಳಗೆ ಬಾರದಿರಲೆಂದೇ, ನಾವು ಸ್ಟೇಶನ್ನು ಹಿಡಿಯುವ ಉದ್ದನೆಯ ತಂತಿಯನ್ನು ಕೈಯಾರೆ ಕಟ್ಟಿಕೊಂಡಿದ್ದೇವೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ ವಿಜ್ಞಾನ ಓದುವಾಗ. ಆ ಪಾಠದ ದಿನ ಕ್ಲಾಸಿನಲ್ಲಿ ನನ್ನ ಕಿವಿ ಕೆಂಪಾದವು. ಪಕ್ಕದವಳು ಜ್ವರವೇ ಎಂದು ಕೇಳಿದಳು.

ಕಲಿಸುವವರು ಯಾರೂ ಇರಲಿಲ್ಲ. ಅಪ್ಪ ಭಜನೆಯ ಒಂದು ಸಾಲು ಹಾಡುತ್ತಿದ್ದ, ನಾನು ಸಲಾಕೆಯನ್ನು ತಂತಿಯ ಮೇಲೆ ಹಿಂದೆ ಮುಂದೆ ಜಾರಿಸಿ ಆ ಸ್ವರ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಸಿಕ್ಕಾಗ ಅವನು ಕಣ್ಣು ಮುಚ್ಚುತ್ತಿದ್ದ, ತಪ್ಪಿದಾಗ ಎಡಗಣ್ಣು ಮಾತ್ರ ಕಿರಿದಾಗುತ್ತಿತ್ತು, ಕಾಲಿಗೆ ಮುಳ್ಳು ಚುಚ್ಚಿದವರ ಹಾಗೆ. ನನಗೆ ಆ ಎಡಗಣ್ಣೇ ಗುರು. ಕರೆಂಟು ಇಲ್ಲದಾಗ ಗಿಟಾರನ್ನು ಹಿಟ್ಟಿನ ಖಾಲಿ ಡಬ್ಬದ ಮೇಲೆ ಇಟ್ಟು ಬಾರಿಸುತ್ತಿದ್ದೆ, ಡಬ್ಬ ತಕ್ಕಮಟ್ಟಿಗೆ ಗುಂಯ್‌ಗುಡುತ್ತಿತ್ತು. ಇದೆಲ್ಲ ಗಿರಣಿಯಲ್ಲೇ ನಡೆಯಿತು. ಅವ್ವ ಆ ಕಡೆ ತಲೆ ಹಾಕಲಿಲ್ಲ. ಬಾಗಿಲುಗಳ ಸಿಟ್ಟು ಅವಳಿಗೆ ಇಳಿದಿರಲಿಲ್ಲ, ಬಾಗಿಲು ತಿಂದದ್ದು ಏನು ಹಾಡುತ್ತದೋ ನೋಡೋಣ ಎನ್ನುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಪದ ಪೂರ್ತಿ ನನ್ನ ಕೈಗೆ ಬಂತು. ಅಪ್ಪನ ಎಡಗಣ್ಣು ಮೊದಲಿನಿಂದ ಕಡೆಯವರೆಗೆ ಒಮ್ಮೆಯೂ ಕಿರಿದಾಗದ ದಿನ, ಅವನು ಗಿರಣಿಗೆ ಬೀಗ ಹಾಕಿ ಸೀದಾ ಮಠಕ್ಕೆ ಹೋದ.

ಶ್ರಾವಣದಲ್ಲಿ ಮಠದಲ್ಲಿ ತಿಂಗಳಿಡೀ ಪುರಾಣ ನಡೆಯುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲು ಭಜನೆ, ಆಮೇಲೆ ಪುರಾಣ. ಮಠದ ಸ್ವಾಮಿಗಳನ್ನು ನಾವು ಅಜ್ಜಾವರು ಎನ್ನುತ್ತಿದ್ದೆವು. ಮೊದಲ ಸೋಮವಾರ ನನ್ನ ಮಗಳು ಒಂದು ಪದ ಸೇವೆ ಮಾಡುತ್ತಾಳೆ ಎಂದು ಅಪ್ಪ ಅಜ್ಜಾವರ ಅಪ್ಪಣೆ ಕೇಳಿಕೊಂಡು ಬಂದ. ನಿನ್ನ ಮಗಳೇ ಎಂದು ಅವರು ಎರಡು ಸಲ ಕೇಳಿದರಂತೆ. ಅದನ್ನು ಅಪ್ಪ ನಗುತ್ತ ಹೇಳಿದ. ನಾನು ಆ ಎರಡನೆಯ ಸಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ನನಗೆ ಬೇಕಿದ್ದದ್ದು ಒಂದೇ. ಅಪ್ಪ ಒಬ್ಬನೇ ಹೋಗಿ ಕೂರುತ್ತಿದ್ದ ಆ ಜಾಗದಲ್ಲಿ ಒಂದು ಸಲ ಅವನ ಪಕ್ಕ ಕೂತು, ಇಡೀ ಊರಿನ ಎದುರು ನನ್ನ ದನಿ ಕೇಳಿಸಬೇಕು. ಒಂದು ಸಲ ಸಾಕು, ಆಮೇಲೆ ಗಿಟಾರನ್ನು ಮತ್ತೆ ಕಪಾಟಿಗೆ ಬಾಗಿಲು ಮಾಡಿದರೂ ನಡೆದೀತು.

ಸೋಮವಾರ ಬಂತು. ಅವ್ವ ಬರಲಿಲ್ಲ. ಪುರಾಣಕ್ಕೆ ಪರವೂರಿನಿಂದ ಬಂದಿದ್ದ ಬೀಗರಿಗೆ ಅಡುಗೆ ಆಗಬೇಕಿತ್ತು. ಮಠದ ಅಂಗಳದ ಬೇವಿನ ಗಿಡಕ್ಕೆ ಕಹಳೆಯಂಥ ಧ್ವನಿವರ್ಧಕ ಕಟ್ಟಿರುತ್ತಾರೆ, ಅಡುಗೆಮನೆಗೇ ಕೇಳಿಸುತ್ತದೆ, ಕೇಳುತ್ತೇನೆ ಎಂದಳು. ಹೊರಡುವಾಗ ನನ್ನ ಜಡೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದಳು. ಸಿಟ್ಟು ಅಷ್ಟರಮಟ್ಟಿಗೆ ಇಳಿದಿತ್ತು.

ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಳಿಯ ಮೇಲೆ ನನ್ನನ್ನು ಕೂಡಿಸಿದರು, ಗಿಟಾರು ತೊಡೆಯ ಮೇಲೆ. ಹೆಂಗಸರ ಸಾಲಿನಿಂದ ಕುತ್ತಿಗೆಗಳು ಉದ್ದವಾದವು. ಗಂಡಸರ ಸಾಲಿನಲ್ಲಿ ಮುಂದೆಯೇ ನಮ್ಮ ಮಾಸ್ತರರು ಕೂತಿದ್ದರು. ಭಜನೆ ಮುಗಿಯಿತು. ಅಪ್ಪ ನಮ್ಮ ಉದ್ದನೆಯ ವೈರನ್ನು ಕಿಟಕಿಯ ಸರಳುಗಳ ಮೇಲಿನಿಂದ ಎಳೆದು ಮೈಕಿನವನ ಯಂತ್ರಕ್ಕೆ ಸಿಕ್ಕಿಸಿದ. ಮೈಕಿನವನು ದನಿ ಏರಿಸಿದ.

ಗಿಟಾರು ಮಾತಾಡಿತು. ನಾನು ಇನ್ನೂ ತಂತಿ ಮುಟ್ಟಿರಲಿಲ್ಲ. ಅಚ್ಚುಕಟ್ಟಾದ ಗಂಡು ದನಿಯಲ್ಲಿ, ಮೆಣಸಿನಗಿಡಕ್ಕೆ ಮುಟುರು ರೋಗ ಕಾಣಿಸಿಕೊಂಡಾಗ ಎಲೆಗಳು ಮೇಲ್ಮುಖವಾಗಿ ಮುದುಡುತ್ತವೆ ಎಂದಿತು. ಕಹಳೆ ಅದನ್ನು ಊರಿಗೆಲ್ಲ ಒಯ್ದಿತು. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ರೋಗದ ಲಕ್ಷಣ ಮುಗಿದು ಪರಿಹಾರ ಶುರುವಾಯಿತು. ಹಿಂದಿನಿಂದ ನಗು ಎದ್ದಿತು, ಹೆಂಗಸರ ಸಾಲಿಗೆ ಬಂತು, ಕಂಬಗಳ ನಡುವೆ ತುಂಬಿಕೊಂಡಿತು. ಮೆಣಸಿನಕಾಯಿ ಹಾಕಿದ್ದ ಒಬ್ಬ ಮುದುಕ ಸಿಟ್ಟಿನಿಂದ ಕೈ ಎತ್ತಿ, ತಡೀರಪಾ, ಔಷಧದ ಹೆಸರು ಹೇಳಾಕತ್ತಾನ ಎಂದ. ಅಪ್ಪ ವೈರು ಜಗ್ಗಿದ, ತಿರುವಿದ, ಗೋಡೆಗೆ ಒತ್ತಿದ. ಅವನು ಮುಟ್ಟಿದಷ್ಟೂ ಮಾತು ಸ್ಪಷ್ಟವಾಯಿತು. ಭೂಮಿ ಬಾಯಿ ಬಿಡಲಿ ಅನ್ನುತ್ತಾರಲ್ಲ, ಅದನ್ನು ನಾನು ಆವತ್ತು ನಿಜವಾಗಿ ಬೇಡಿಕೊಂಡೆ.

ಕೈ ಎಲ್ಲಿಡಬೇಕೋ ತಿಳಿಯದೆ ತಂತಿಗಳ ಮೇಲೆ ಇಟ್ಟೆ. ಮಾತು ತಗ್ಗಿತು, ಗುನುಗಿನಷ್ಟಾಯಿತು. ಅದೇ ಸಂದು ಸಾಕೆಂದು ಬಾರಿಸಲು ಶುರು ಮಾಡಿದೆ. ತಂತಿಯ ದನಿ ರೇಡಿಯೋದವನ ಮಾತನ್ನು ಮುಳುಗಿಸಿತು. ಮೊದಲ ಸಾಲು, ಎರಡನೆಯದು. ಸ್ವರ ತಪ್ಪಲಿಲ್ಲ. ಪಲ್ಲವಿಗೆ ತಿರುಗಿ ಬಂದಾಗ ಸಲಾಕೆ ಮೇಲಿನ ಸ್ವರಕ್ಕೆ ಜಾರಿ ಹೋಗಿ ಅಲ್ಲೇ ನಿಲ್ಲಬೇಕು, ಗಿರಣಿಯಲ್ಲಿ ಸಾವಿರ ಸಲ ಕೈಕೊಟ್ಟ ಜಾಗ ಅದು. ಜಾರಿತು, ನಿಂತಿತು. ಅಪ್ಪ ಕಣ್ಣು ಮುಚ್ಚಿದ್ದು ಕಂಡಿತು. ಪದ ಮುಗಿಯುವವರೆಗೆ ಮಠ ಗಪ್ಪಾಗಿ ಕೇಳಿತು. ನನ್ನ ಆಯುಷ್ಯದಲ್ಲಿ ಅಷ್ಟು ಜನ ನನ್ನನ್ನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಮುಗಿಸಿ ಕೈ ತೆಗೆದೆ. ರೇಡಿಯೋದವನು ಮತ್ತೆ ಮಾತಾಡಿದ, ಈ ಸಲ ಕೇಳುಗರಿಗೆ ವಂದಿಸಿದ. ಮತ್ತೆ ನಗು. ಚಲೋ ಹಾಡು ಹಚ್ಚಿದ್ದರು, ಹುಡುಗಿ ಸ್ಟೇಶನ್ನು ಹಿಡಿಯುವುದರಲ್ಲಿ ಹುಷಾರಿದ್ದಾಳೆ ಎಂದು ಯಾರೋ ಅಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮಾತು ರೇಡಿಯೋದ್ದು ಎಂದ ಮೇಲೆ ಹಾಡೂ ರೇಡಿಯೋದ್ದೇ. ಹಲಗೆಯೊಳಗೆ ರೇಡಿಯೋ ಬಚ್ಚಿಟ್ಟಿದ್ದಾರೆ, ಹುಡುಗಿ ಮೇಲೆ ಸುಮ್ಮನೆ ಕೈಯಾಡಿಸುತ್ತಾಳೆ. ಭಜನೆ ಮೇಳದ ಹಿರಿಯರು ಎದ್ದು ನಿಂತು, ಸೇವೆ ಎಂದು ಹೇಳಿ ಮಠದಲ್ಲಿ ಇಂಥ ಆಟ ಆಡುವುದು ಸರಿಯಲ್ಲ ಎಂದು ಅಜ್ಜಾವರಿಗೆ ದೂರು ಹೇಳಿದರು. ಅಪ್ಪ ಅಲ್ಲರಿ, ಅಲ್ಲರಿ ಎನ್ನುತ್ತಿದ್ದ. ಆಗ ಮುಂದಿನ ಸಾಲಿನಿಂದ ನಮ್ಮ ಮಾಸ್ತರರು, ಕೆಟ್ಟ ಮನಸ್ಸಿನಿಂದಲ್ಲ, ಸಭೆ ನಗುತ್ತಿರುವಾಗ ತಮ್ಮದೂ ಒಂದಿರಲಿ ಎಂದು ಹೇಳಿದರು.

“ಈಕಿ ಸಾಲ್ಯಾಗೂ ಹಿಂಗ ನೋಡ್ರಿ. ತುಟಿ ಅಷ್ಟ ಅಲ್ಲಾಡಸ್ತಾಳ.”

ನಗು ಬೇವಿನ ಗಿಡದವರೆಗೆ ಹೋಯಿತು. ನೆಲ ನೋಡಿದೆ. ಮಠದ ನೆಲದ ಕಲ್ಲುಗಳ ಸಂದುಸಂದೂ ನನಗೆ ಇಂದಿಗೂ ನೆನಪಿದೆ. ತುಟಿ ಅಲ್ಲಾಡಿಸಲು ಹೇಳಿದವರು ನೀವೇ ಅಲ್ಲವೇ ಎಂದು ಕೇಳಬಹುದಿತ್ತು. ಕೇಳಲು ಬಾಯಿ ತೆರೆಯಬೇಕಿತ್ತು, ತೆರೆದರೆ ಆ ದನಿ ಬರುತ್ತಿತ್ತು.

ಅಜ್ಜಾವರು ಕೈ ಎತ್ತಿ ಸುಮ್ಮನಾಗಿಸಿ, ಇನ್ನೊಂದು ಸಲ ಬಾರಿಸಲಿ, ನೋಡೋಣ ಎಂದರು. ಆದರೆ ನೋಡುವುದೇನು? ನಿಲ್ಲಿಸಿ ತೋರಿಸೋಣವೆಂದರೆ ಕೈ ತೆಗೆದ ಕೂಡಲೇ ರೇಡಿಯೋದವನು ಮಾತಾಡುತ್ತಿದ್ದ. ಚೆನ್ನಾಗಿ ಬಾರಿಸಿದರೆ ಅದು ಅವನದೇ ಹಾಡು. ನಾನು ಎಷ್ಟು ಸರಿಯಾಗಿ ಬಾರಿಸಿದರೆ ಅಪ್ಪ ಅಷ್ಟು ದೊಡ್ಡ ಮೋಸಗಾರ. ಅಪ್ಪ ಕಂಬಳಿಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತ, ಗಿಟಾರಿನ ಕಿವಿ ಬಿಗಿಯುವವನ ಹಾಗೆ ಬಗ್ಗಿದ. ನನಗೆ ಮಾತ್ರ ಕೇಳುವಂತೆ ಹೇಳಿದ.

“ಯವ್ವಾ, ಒಂದ ಕಡೆ ತಪ್ಪ ಬಾರಸು. ರೇಡಿಯೋ ತಪ್ಪಂಗಿಲ್ಲ.”

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಎಡಗಣ್ಣು ಆಗಲೇ ಕಿರಿದಾಗಿತ್ತು.

ಮತ್ತೆ ಶುರು ಮಾಡಿದೆ. ಪಲ್ಲವಿಗೆ ತಿರುಗುವ ಅದೇ ಜಾಗಕ್ಕೆ ಬಂದೆ. ತಪ್ಪು ಬಾರಿಸುವುದು ಸುಲಭ ಎಂದುಕೊಂಡಿರಬಹುದು ನೀವು. ಕೈ ತಾನಾಗಿ ಸರಿಯಾದ ಕಡೆಗೆ ಹೋಗುತ್ತಿತ್ತು, ಆರು ತಿಂಗಳು ಅದಕ್ಕೆ ಹೊಡೆದು ಬಡಿದು ಕಲಿಸಿದ್ದೇ ಅದು. ಅದನ್ನು ಹಿಡಿದು ನಿಲ್ಲಿಸಿ ಅರ್ಧ ಸ್ವರ ಕೆಳಗೇ ಬಿಟ್ಟೆ. ಕೊರಡು ಕೊರಡಾದ ಸ್ವರ, ಕಹಳೆಯಲ್ಲಿ ಎದ್ದು ಊರಿಗೆಲ್ಲ ಹೋಯಿತು. ಆ ದನಿ ನನ್ನದೇ ಗಂಟಲಿನ ದನಿಯ ಹಾಗೆ ಕೇಳಿಸಿ ಮೈ ಉರಿಯಿತು.

ತಪ್ಪಿದಳು, ತಪ್ಪಿದಳು ಎಂದಿತು ಹೆಂಗಸರ ಸಾಲು. ಹಾಗಾದರೆ ಇವಳೇ ಬಾರಿಸುತ್ತಿದ್ದಾಳೆ. ಗಂಡಸರ ಸಾಲೂ ಹೌದು ಹೌದು ಎಂದಿತು. ಮೇಳದ ಹಿರಿಯರು ತಲೆದೂಗಿದರು. ಮಾಸ್ತರರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಅಜ್ಜಾವರು ನನ್ನನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು, ಕೈಗೆ ಕಲ್ಲುಸಕ್ಕರೆ ಹಾಕಿದರು. ಅಪ್ಪ ಸಭೆಗೆಲ್ಲ ಕೈಮುಗಿಯುತ್ತಿದ್ದ, ನಗುತ್ತಲೂ ಇದ್ದ. ಇಡೀ ಮಠ ಮೆಚ್ಚಿದ ಆ ಸ್ವರಕ್ಕೆ ಮುಳ್ಳು ತುಳಿದವನು ಅವನೊಬ್ಬನೇ. ರೋಗದ ಮಾತು ಕೇಳಿ ಜನ ನಕ್ಕಾಗ ಆಗದಿದ್ದ ನಾಚಿಕೆ ಆ ಚಪ್ಪಾಳೆಗೆ ಆಯಿತು. ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳಲಾಗದೆ ಮುಷ್ಟಿಯಲ್ಲೇ ಹಿಡಿದೆ, ಅದು ಬೆವರಿಗೆ ಕರಗಿ ಅಂಟಾಯಿತು.

ಪುರಾಣಕ್ಕೆ ನಿಲ್ಲದೆ ಮನೆಗೆ ನಡೆದೆವು. ಗಿಟಾರು ಅಪ್ಪನ ಹೆಗಲ ಮೇಲೆ, ವೈರಿನ ಸುರುಳಿ ನನ್ನ ತೋಳಿನಲ್ಲಿ. ದಾರಿಯುದ್ದ ಅವನು ಗುನುಗಲಿಲ್ಲ. ಅವ್ವನಿಗೆ ಎಲ್ಲವೂ ಕೇಳಿಸಿದೆ, ಇಷ್ಟು ತಿಂಗಳು ಬಾಗಿಲಿಲ್ಲದ ಕಪಾಟು ಸಹಿಸಿದವಳಿಗೆ ಮೊದಲನೆಯ ಸಲ ಬಾರಿಸಿದ್ದಾದರೂ ಕೇಳಿಸಿದೆಯಲ್ಲ ಎಂದು ನಾನು ಆ ಒಂದನ್ನು ಹಿಡಿದುಕೊಂಡು ನಡೆದೆ.

ಬೀಗರು ಪುರಾಣಕ್ಕೆ ಹೋಗಿದ್ದರು. ಅವ್ವ ತಾಟು ಹಾಕಿದಳು, ಬಿಸಿ ರೊಟ್ಟಿ ಇಟ್ಟಳು, ನನ್ನ ಪಕ್ಕ ಬಂದು ಕೂತಳು. ಎಂದೂ ಹಾಗೆ ಕೂರುವವಳಲ್ಲ. ಬೆನ್ನ ಮೇಲೆ ಕೈಯಾಡಿಸಿದಳು.

“ಮೊದಲ ರೇಡಿಯೋದಾಗ ಬಂತಲ್ಲ, ಅದು ಅಗದಿ ಚಲೋ ಇತ್ತ ನೋಡು,” ಎಂದಳು. “ಆಮ್ಯಾಲಿಂದು ನಿಂದಲ್ಲ? ನಡುವ ಒಂದ ಕಡೆ ತಪ್ಪಿತು. ಇರ್ಲಿ ಬಿಡು ನನ ಮಗಳ, ಕಲತರ ಬರತೈತಿ.”

ಅಪ್ಪನ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು. ಅವನು ಬಾಯಿ ತೆರೆದ. ನಾನು ಅವನಿಗಿಂತ ಮೊದಲು, ನನ್ನ ಆ ಗಂಟಲಿನಲ್ಲಿ, ಆವತ್ತಿನ ಮೊದಲ ಮಾತು ಆಡಿದೆ.

“ಹೂಂನವ್ವಾ. ತಪ್ಪಿದ್ದ ನಂದು.”

ಅವ್ವ ಬೆನ್ನು ತಟ್ಟಿ ಇನ್ನೊಂದು ರೊಟ್ಟಿ ತರಲು ಒಳಗೆ ಹೋದಳು. ಅಪ್ಪ ತಾಟಿನಲ್ಲೇ ಕೈ ತೊಳೆದು, ಕಪಾಟಿನ ಪರದೆ ಸರಿಸಿ, ಗಿಟಾರನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಗೋಡೆಗೆ ಆನಿಸಿಟ್ಟ.